ಪಿಎಸ್5ಗೆ ಎಸ್‌ಎಸ್‌ಡಿ: ಕವರ್ ಬಿಚ್ಚುವ ಮೊದಲು ಡಬ್ಬಿಯ ಮೇಲಿನ ಅಕ್ಷರ ಓದಿ

ಮಾನ್ಯ ಸಂಪಾದಕರೇ,

ರಜೆ ಶುರುವಾದರೆ ಸಾಕು, ಪ್ಲೇಸ್ಟೇಷನ್ ಇರುವ ಮನೆಗಳಲ್ಲಿ ಒಂದೇ ದೂರು: ಜಾಗ ಸಾಲುತ್ತಿಲ್ಲ, ಹೊಸ ಆಟ ಹಾಕಬೇಕೆಂದರೆ ಹಳೆಯದನ್ನು ಅಳಿಸಬೇಕು. ಇದಕ್ಕೆ ಪರಿಹಾರ ಪಿಎಸ್5 (ಪ್ಲೇಸ್ಟೇಷನ್ 5) ಗೇಮ್ ಕನ್ಸೋಲಿನ ಒಳಗೇ ಇದೆ. ಅದರಲ್ಲಿ ಆಟಗಳು ಕೂರುವುದು ಎಸ್‌ಎಸ್‌ಡಿ ಎಂಬ ಚಿಪ್ ಸಂಗ್ರಹದಲ್ಲಿ. ಇನ್ನೊಂದು ಎಸ್‌ಎಸ್‌ಡಿ ಕೂರಿಸಲೆಂದು ಸೋನಿ ಕಂಪನಿ ಖಾಲಿ ಸ್ಲಾಟ್ ಬಿಟ್ಟಿದೆ, ಅದನ್ನು ಮನೆಯಲ್ಲೇ ಹೇಗೆ ಹಾಕಿಕೊಳ್ಳಬೇಕೆಂದು ತಾನೇ ತಿಳಿಸಿಯೂ ಇದೆ. ಒಂದು ಸ್ಕ್ರೂಡ್ರೈವರ್ ಇದ್ದರೆ ಅರ್ಧ ಗಂಟೆಯೂ ಬೇಡದ ಕೆಲಸ. ಇಷ್ಟಾದರೂ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಕಳೆದುಕೊಳ್ಳುವುದು ಸ್ಕ್ರೂ ಬಿಚ್ಚುವಾಗಲ್ಲ, ಅಂಗಡಿಯಲ್ಲಿ ತಪ್ಪು ಎಸ್‌ಎಸ್‌ಡಿಗೆ ದುಡ್ಡು ಕೊಡುವಾಗ. ಕನ್ನಡದಲ್ಲಿ ಈ ಬಗ್ಗೆ ವಿವರವಾದ ಮಾಹಿತಿ ಸಿಗುವುದು ಕಡಿಮೆ, ಕನ್ಸೋಲಿನ ಮೆನು ಕೂಡ ಕನ್ನಡದಲ್ಲಿಲ್ಲ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಮೊದಲು ಜಾಗದ ಲೆಕ್ಕ. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಮೊದಲ ಪಿಎಸ್5ರಲ್ಲಿ 825 ಜಿಬಿ ಎಸ್‌ಎಸ್‌ಡಿ ಇದೆ. ಸಿಸ್ಟಂ ಸಾಫ್ಟ್‌ವೇರ್ ತನ್ನ ಪಾಲು ತೆಗೆದುಕೊಂಡ ಮೇಲೆ ಆಟಕ್ಕೆ ಉಳಿಯುವುದು ಸುಮಾರು 667 ಜಿಬಿ. ನಂತರ ಬಂದ ಸ್ಲಿಮ್ ಮಾದರಿಯಲ್ಲಿ 1 ಟಿಬಿ ಇದ್ದು, ಕೈಗೆ ಸಿಗುವುದು 840 ಜಿಬಿಯ ಆಸುಪಾಸು. ಇವತ್ತಿನ ದೊಡ್ಡ ಆಟಗಳಲ್ಲಿ ನೂರು ಜಿಬಿ ದಾಟುವಂಥವು ಸಾಕಷ್ಟಿವೆ, ಗ್ರಾನ್ ಟುರಿಸ್ಮೊ 7 ಅಂಥದ್ದೊಂದು. ಅಂಥ ಐದಾರು ಆಟ ಹಾಕಿದರೆ ಹಳೆಯ ಮಾದರಿ ತುಂಬಿಹೋಯಿತು. ಡಿಸ್ಕ್ ಕೊಂಡವರಿಗೂ ಇದೇ ಪಾಡು. ಡಿಸ್ಕ್‌ನಲ್ಲಿರುವ ಆಟವೂ ಎಸ್‌ಎಸ್‌ಡಿಗೆ ಇಳಿದ ಮೇಲೇ ನಡೆಯುವುದು.

ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿಕೊಂಡರಾಯಿತು ಎನ್ನುವುದು ಬೆಂಗಳೂರಿನಲ್ಲಿ 300 ಎಂಬಿಪಿಎಸ್ ಫೈಬರ್ ಇರುವವರಿಗೆ ಸರಿ. ತಾಲ್ಲೂಕು ಕೇಂದ್ರಗಳಲ್ಲಿ 40 ಎಂಬಿಪಿಎಸ್ ಸಂಪರ್ಕ ಸಾಮಾನ್ಯ. ಆ ವೇಗದಲ್ಲಿ 100 ಜಿಬಿಯ ಒಂದು ಆಟ ಇಳಿಯಲು ಐದೂವರೆ ಗಂಟೆ ಬೇಕು, ಅದೂ ಮಧ್ಯೆ ಒಮ್ಮೆಯೂ ಕಡಿತವಾಗದಿದ್ದರೆ. ಮನೆಯ ಉಳಿದವರ ಫೋನು, ಟಿವಿ ಎಲ್ಲ ಅದೇ ಸಂಪರ್ಕದಲ್ಲಿ ಓಡುತ್ತಿರುತ್ತವೆ.

ಎಲ್ಲರಿಗೂ ಎಸ್‌ಎಸ್‌ಡಿ ಬೇಕೇ ಬೇಕು ಎಂದೇನಿಲ್ಲ. ಪಿಎಸ್4 ಕಾಲದ ಆಟಗಳನ್ನು ಯುಎಸ್‌ಬಿ ಹಾರ್ಡ್‌ಡಿಸ್ಕ್‌ನಿಂದಲೇ ಆಡಬಹುದು. 250 ಜಿಬಿಯಿಂದ 8 ಟಿಬಿವರೆಗಿನ, ಯುಎಸ್‌ಬಿ 3.0 ವೇಗದ ಹಾರ್ಡ್‌ಡಿಸ್ಕ್ ಆಗುತ್ತದೆ. ಮನೆಯಲ್ಲಿ ಹಳೆಯ ಆಟಗಳೇ ಹೆಚ್ಚಿದ್ದರೆ ಅವನ್ನೆಲ್ಲ ಅದಕ್ಕೆ ಸಾಗಿಸಿ. ಒಳಗಿನ ಜಾಗ ಖಾಲಿಯಾಗುತ್ತದೆ, ಖರ್ಚೂ ಕಡಿಮೆ. ಪಿಎಸ್5 ಆಟಗಳ ಮಾತು ಬೇರೆ. 2021ರ ಏಪ್ರಿಲ್‌ನ ಅಪ್‌ಡೇಟ್ ನಂತರ ಅವನ್ನು ಯುಎಸ್‌ಬಿಯಲ್ಲಿ ತೆಗೆದಿಡಬಹುದು, ಆದರೆ ಅಲ್ಲಿಂದ ಆಡಲಾಗದು. ಆಡುವ ಮುನ್ನ ವಾಪಸ್ ಒಳಗೆ ತರಬೇಕು. ಮಾಮೂಲಿ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿಕೊಟ್ಟರೂ 100 ಜಿಬಿ ಆಟಕ್ಕೆ ಹದಿನೇಳು ನಿಮಿಷ ಹಿಡಿಯುತ್ತದೆ. ಐದೂವರೆ ಗಂಟೆಯ ಡೌನ್‌ಲೋಡ್‌ಗಿಂತ ಇದು ಎಷ್ಟೋ ವಾಸಿ. ತಿಂಗಳಿಗೆ ಒಂದೆರಡು ಆಟ ಬದಲಿಸುವವರಿಗೆ ಇಷ್ಟೇ ಸಾಕು. ಮನೆಯಲ್ಲಿ ಮೂರ್ನಾಲ್ಕು ಜನ ಆಡುತ್ತಾರೆ, ಒಬ್ಬೊಬ್ಬರದು ಒಂದೊಂದು ಆಟ ಎನ್ನುವ ಮನೆಗೆ ಮಾತ್ರ ಒಳಗಿನ ಸ್ಲಾಟ್ ತುಂಬುವುದು ಸರಿಯಾದ ದಾರಿ.

ಇನ್ನು ಕೊಳ್ಳುವ ಮಾತು. ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು.

ಬೇಕಾದದ್ದು ಎಂ.2 ಆಕಾರದ, ಎನ್‌ವಿಎಂಇ ಬಗೆಯ, ಪಿಸಿಐಇ ಜೆನ್ 4 ಎಸ್‌ಎಸ್‌ಡಿ. ಎಂ.2 ಎಂದರೆ ಪಟ್ಟಿಯಂಥ ಆಕಾರ, ಎನ್‌ವಿಎಂಇ ಎಂದರೆ ಮಾಹಿತಿ ಸಾಗಿಸುವ ವೇಗದ ವಿಧಾನ, ಜೆನ್ 4 ಎಂದರೆ ಆ ಮಾಹಿತಿ ಓಡುವ ಪಿಸಿಐಇ ದಾರಿಯ ನಾಲ್ಕನೇ ಪೀಳಿಗೆ. ಇವುಗಳಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತದೆ. ಎಂ.2 ಆಕಾರದಲ್ಲೇ ಸಾಟಾ ಎಂಬ ಹಳೆಯ ಬಗೆಯ ಎಸ್‌ಎಸ್‌ಡಿಗಳೂ ಬರುತ್ತವೆ. ನೋಡಲು ಅದೇ ಬೆರಳುದ್ದದ ಹಸಿರು ಅಥವಾ ಕಪ್ಪು ಪಟ್ಟಿ, ಆದರೆ ಪಿಎಸ್5 ಅದನ್ನು ಮುಟ್ಟುವುದಿಲ್ಲ. ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಇರುವ ತುದಿಯಲ್ಲಿ ಎರಡು ಕಚ್ಚು ಕಂಡರೆ ಅದನ್ನು ಕೊಳ್ಳಬೇಡಿ, ನಮಗೆ ಬೇಕಾದುದರಲ್ಲಿ ಒಂದೇ ಕಚ್ಚು ಇರುತ್ತದೆ. ಒಂದೇ ಕಚ್ಚು ಇದ್ದ ಮಾತ್ರಕ್ಕೆ ಜೆನ್ 4 ಎಂದೇನೂ ಅಲ್ಲ. ಜೆನ್ 3 ಎಸ್‌ಎಸ್‌ಡಿಯೂ ಕಣ್ಣಿಗೆ ಹಾಗೇ ಕಾಣುತ್ತದೆ. ಅದನ್ನು ಹಾಕಿದರೆ ಕನ್ಸೋಲ್ ನಿಧಾನವಾಗಿ ನಡೆಸುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು, ಕನ್ಸೋಲ್ ಅದನ್ನು ಬಳಸುವುದೇ ಇಲ್ಲ.

ಹೆಸರುಗಳ ಗೊಂದಲದಲ್ಲಿ ಎಡವುವವರೇ ಹೆಚ್ಚು. ಸ್ಯಾಮ್‌ಸಂಗ್ 980 ಜೆನ್ 3, 980 ಪ್ರೊ ಜೆನ್ 4. ಡಬ್ಲ್ಯೂಡಿ ಬ್ಲ್ಯಾಕ್ ಎಸ್‌ಎನ್750 ಜೆನ್ 3, ಎಸ್‌ಎನ್750 ಎಸ್‌ಇ ಜೆನ್ 4. ಕ್ರೂಷಿಯಲ್ ಪಿ5 ಜೆನ್ 3, ಪಿ5 ಪ್ಲಸ್ ಜೆನ್ 4. ಒಂದು 'ಪ್ರೊ', ಒಂದು 'ಪ್ಲಸ್' ಬಿಟ್ಟುಹೋದರೆ ಸಾವಿರಾರು ರೂಪಾಯಿ ಹೋಯಿತು. ಆದರೆ 'ಪ್ಲಸ್' ಕಂಡ ಕೂಡಲೇ ನಂಬುವಂತೆಯೂ ಇಲ್ಲ, ಸ್ಯಾಮ್‌ಸಂಗ್ 970 ಇವೊ ಪ್ಲಸ್ ಜೆನ್ 3. ಹಾಗಾಗಿ ಹೆಸರು ಬಿಡಿ. ಡಬ್ಬಿಯ ಮೇಲೆ 'ಪಿಸಿಐಇ 4.0' ಅಥವಾ 'ಜೆನ್ 4' ಎಂದು ಅಚ್ಚಾಗಿದೆಯೇ ನೋಡಿ. ಅಂಗಡಿಯವರ ಬಾಯಿಮಾತು, ಆನ್‌ಲೈನ್ ಪುಟದ ಶೀರ್ಷಿಕೆಯಲ್ಲಿ ತುರುಕಿದ 'ಪಿಎಸ್5 ಕಂಪ್ಯಾಟಿಬಲ್' ಎಂಬ ಮಾತು ಎರಡಕ್ಕೂ ಬೆಲೆ ಕೊಡಬೇಡಿ. ಆ ಶೀರ್ಷಿಕೆ ಬರೆಯುವವರು ಮಾರುವವರೇ.

ವೇಗದ ವಿಷಯ. ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚಿನ ಓದುವ ವೇಗ ಇರಲಿ ಎಂಬುದು ಸೋನಿಯ ಶಿಫಾರಸು. ಕನ್ಸೋಲಿನ ಒಳಗಿರುವ ಮೂಲ ಎಸ್‌ಎಸ್‌ಡಿಯ ವೇಗವೂ ಅಷ್ಟೇ, ಆಟಗಳನ್ನು ಕಟ್ಟುವವರು ಅದನ್ನೇ ನೆಚ್ಚಿಕೊಂಡಿರುತ್ತಾರೆ. ಜೆನ್ 4 ಎಂಬ ಚೀಟಿ ಇದ್ದೂ ಈ ವೇಗ ಮುಟ್ಟದವು ಮಾರುಕಟ್ಟೆಯಲ್ಲಿವೆ. ಕಿಂಗ್‌ಸ್ಟನ್ ಎನ್‌ವಿ2 ಜೆನ್ 4 ಆದರೂ 3,500, ಕ್ರೂಷಿಯಲ್ ಪಿ3 ಪ್ಲಸ್ 5,000, ಡಬ್ಲ್ಯೂಡಿ ಬ್ಲೂ ಎಸ್‌ಎನ್580 ಸುಮಾರು 4,150. ಇವನ್ನು ಹಾಕಿದರೆ ಕನ್ಸೋಲ್ ಎಚ್ಚರಿಕೆ ಕೊಟ್ಟು ಒಪ್ಪಿಕೊಳ್ಳುತ್ತದೆ, ಇವತ್ತಿನ ಆಟಗಳಲ್ಲಿ ಹೆಚ್ಚಿನವು ನಡೆದೂ ಬಿಡುತ್ತವೆ. ಈಗಾಗಲೇ ಮನೆಯಲ್ಲಿದ್ದರೆ ಹಾಕಿ ನೋಡಿ, ತಪ್ಪಿಲ್ಲ. ಹೊಸದಾಗಿ ಕೊಳ್ಳುವವರು ಮಾತ್ರ ಸ್ವಲ್ಪ ಉಳಿಯಿತೆಂದು ಇದಕ್ಕೆ ಕೈಹಾಕುವುದು ಬೇಡ. ಇತ್ತ ಜೆನ್ 5ಗೆ ಹೆಚ್ಚು ದುಡ್ಡು ಕೊಡುವುದೂ ದಂಡ. ಸ್ಲಾಟ್ ಜೆನ್ 4, ಅದಕ್ಕಿಂತ ವೇಗವಾಗಿ ಓಡಲು ಅಲ್ಲಿ ದಾರಿಯಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಸ್ವಂತ ಡಿರ್‍ಯಾಮ್ ಚಿಪ್ (ತಾತ್ಕಾಲಿಕ ಲೆಕ್ಕ ಇಟ್ಟುಕೊಳ್ಳುವ ವೇಗದ ಮೆಮೊರಿ) ಇರುವುದಿಲ್ಲ. ಕಂಪ್ಯೂಟರಿನಲ್ಲಿ ಅವು ಕಂಪ್ಯೂಟರಿನ ಮೆಮೊರಿಯಿಂದ ಚೂರು ಕಡ ಪಡೆದು ಆ ಕೊರತೆ ನೀಗಿಸಿಕೊಳ್ಳುತ್ತವೆ. ಈ ವ್ಯವಸ್ಥೆಗೆ ಹೋಸ್ಟ್ ಮೆಮೊರಿ ಬಫರ್ ಎನ್ನುತ್ತಾರೆ. ಪಿಎಸ್5 ಆ ಕಡ ಕೊಡುವುದಿಲ್ಲ. ಆಟ ಆಡುವಾಗ ವ್ಯತ್ಯಾಸ ಗೊತ್ತಾಗುವುದು ಅಪರೂಪ, ಆದರೂ ಡಬ್ಬಿಯ ಮೇಲಿನ ವೇಗ ಕನ್ಸೋಲಿನಲ್ಲಿ ಪೂರ್ತಿ ಸಿಗದೆ ಹೋಗಬಹುದು. ಸ್ಯಾಮ್‌ಸಂಗ್ 990 ಪ್ರೊ, ಡಬ್ಲ್ಯೂಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್, ಸೀಗೇಟ್ ಫೈರ್‌ಕುಡಾ 530, ಕಿಂಗ್‌ಸ್ಟನ್ ಕೆಸಿ3000 ಇವೆಲ್ಲ ಡಿರ್‍ಯಾಮ್ ಇರುವ, 7,000 ಎಂಬಿ ಆಸುಪಾಸಿನ ಎಸ್‌ಎಸ್‌ಡಿಗಳು. ಇವುಗಳಲ್ಲಿ ಯಾವುದು ಕಡಿಮೆ ಬೆಲೆಗೆ ಸಿಗುತ್ತದೋ ಅದು ಸಾಕು. ಇವುಗಳ ನಡುವಿನ ಐನೂರು ಎಂಬಿ ವ್ಯತ್ಯಾಸ ಆಟದಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಎಷ್ಟು ಜಾಗದ್ದು ಕೊಳ್ಳಬೇಕು? ಕನ್ಸೋಲ್ 250 ಜಿಬಿಯಿಂದ 8 ಟಿಬಿವರೆಗೆ ಒಪ್ಪುತ್ತದೆ. 2021ರ ಸೆಪ್ಟೆಂಬರಿನಲ್ಲಿ ಈ ಸೌಲಭ್ಯ ಎಲ್ಲರಿಗೂ ಸಿಕ್ಕಾಗ ಮಿತಿ 4 ಟಿಬಿ ಇತ್ತು, 2023ರ ಸೆಪ್ಟೆಂಬರಿನಲ್ಲಿ 8ಕ್ಕೆ ಏರಿತು. ಸ್ಲಾಟ್ ಇರುವುದು ಒಂದೇ. ಇವತ್ತು 500 ಜಿಬಿ ಹಾಕಿ ಮುಂದಿನ ವರ್ಷ ಮತ್ತೊಂದು ಸೇರಿಸಲು ಬರುವುದಿಲ್ಲ, ಹಾಕಿದ್ದನ್ನು ತೆಗೆಯಬೇಕಾಗುತ್ತದೆ. ನನ್ನ ಪ್ರಕಾರ 1 ಟಿಬಿಗಿಂತ ಕಡಿಮೆ ಕೊಳ್ಳಲೇಬಾರದು, ಕೈಯಲ್ಲಿ ಆದರೆ 2 ಟಿಬಿ.

ಬರೆದೂ ಬರೆದೂ ಎಸ್‌ಎಸ್‌ಡಿ ಸವೆದುಹೋಗುತ್ತದೆ ಎಂಬ ಅಂಜಿಕೆ ಬೇಡ. ಮೇಲೆ ಹೇಳಿದ ಸ್ಯಾಮ್‌ಸಂಗ್, ಡಬ್ಲ್ಯೂಡಿಗಳ 1 ಟಿಬಿ ಮಾದರಿಗೆ ತಯಾರಕರು 600 ಟಿಬಿ ಬರೆಯುವಷ್ಟು ಬಾಳಿಕೆಯ ಭರವಸೆ ಕೊಡುತ್ತಾರೆ. ದಿನಾ ತಪ್ಪದೆ 100 ಜಿಬಿ ಆಟ ಇಳಿಸಿದರೂ ವರ್ಷಕ್ಕೆ 36.5 ಟಿಬಿ. ಅದು ಮುಗಿಯಲು ಹದಿನಾರು ವರ್ಷ ಬೇಕು.

ಹೀಟ್‌ಸಿಂಕ್ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು, ಏಕೆಂದರೆ ಅಂಗಡಿಗಳಲ್ಲಿ ಇದನ್ನು ಐಚ್ಛಿಕ ಎಂಬಂತೆ ಹೇಳಿ ಕಳಿಸುತ್ತಾರೆ. ಐಚ್ಛಿಕವಲ್ಲ. ಶಾಖ ಹೊರಹಾಕುವ ಲೋಹದ ಹೊದಿಕೆ ಇರಲೇಬೇಕೆಂದು ಸೋನಿ ಸ್ಪಷ್ಟವಾಗಿ ಹೇಳಿದೆ. ಜೆನ್ 4 ಎಸ್‌ಎಸ್‌ಡಿಯ ಕಂಟ್ರೋಲರ್ ಚಿಪ್ ಬಿಡುವಿಲ್ಲದೆ ಓದುವಾಗ ಚೆನ್ನಾಗಿ ಕಾಯುತ್ತದೆ. ಮಿತಿ ದಾಟಿದರೆ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಏಪ್ರಿಲ್‌ನ ಕಲಬುರಗಿ, ರಾಯಚೂರಿನ ಕೋಣೆಯಲ್ಲಿ ಕನ್ಸೋಲ್ ಒಳಕ್ಕೆಳೆಯುವ ಗಾಳಿಯೇ 40 ಡಿಗ್ರಿ ಇರುತ್ತದೆ ಎಂಬುದನ್ನು ಮರೆಯಬಾರದು.

ಅಳತೆ ಹೀಗಿದೆ. ಹೀಟ್‌ಸಿಂಕ್ ಸೇರಿ ಉದ್ದ 110 ಮಿ.ಮೀ., ಅಗಲ 25 ಮಿ.ಮೀ., ದಪ್ಪ 11.25 ಮಿ.ಮೀ. ಮೀರಬಾರದು. ಈ 11.25ಅನ್ನು ಬಿಡಿಸಿ ನೋಡಬೇಕು: ಎಸ್‌ಎಸ್‌ಡಿ ಹಲಗೆಯ ಮೇಲ್ಗಡೆ 8 ಮಿ.ಮೀ., ಹಲಗೆ 0.8 ಮಿ.ಮೀ., ಕೆಳಗಡೆ 2.45 ಮಿ.ಮೀ. ಒಟ್ಟು ದಪ್ಪ 11 ಮಿ.ಮೀ. ಇದ್ದರೂ ಅದರಲ್ಲಿ ಮೇಲ್ಗಡೆಯದೇ 9 ಆಗಿದ್ದರೆ ಸ್ಲಾಟಿನ ಮುಚ್ಚಳ ಕೂರುವುದಿಲ್ಲ. ಬಿಡಿ ಹೀಟ್‌ಸಿಂಕ್ ಕೊಳ್ಳುವವರು ಇನ್ನೊಂದು ಲೆಕ್ಕ ಹಾಕಬೇಕು. ಚಿಪ್ಪುಗಳ ಎತ್ತರ ಸುಮಾರು 1.5 ಮಿ.ಮೀ., ಶಾಖವನ್ನು ಲೋಹಕ್ಕೆ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ 1 ಮಿ.ಮೀ., ಲೋಹಕ್ಕೆ ಉಳಿಯುವುದು ಐದೂವರೆ ಮಾತ್ರ. ಕಂಪ್ಯೂಟರಿಗೆಂದು ಮಾಡಿದ ಎತ್ತರದ ರೆಕ್ಕೆಗಳ ಹೀಟ್‌ಸಿಂಕು, ಪುಟ್ಟ ಫ್ಯಾನ್ ಇರುವ ಹೀಟ್‌ಸಿಂಕು ಇಲ್ಲಿ ನಡೆಯವು. ಇಷ್ಟೆಲ್ಲ ತಲೆನೋವು ಬೇಡ ಎನ್ನುವವರು ಕಾರ್ಖಾನೆಯಲ್ಲೇ ಹೀಟ್‌ಸಿಂಕ್ ಕೂರಿಸಿದ ಎಸ್‌ಎಸ್‌ಡಿ ಕೊಂಡರೆ ಒಳ್ಳೆಯದು. ಉದಾಹರಣೆಗೆ 990 ಪ್ರೊದ ಅಂಥ ಮಾದರಿ 24.3 ಮಿ.ಮೀ. ಅಗಲ, ಒಟ್ಟು 8.2 ಮಿ.ಮೀ. ದಪ್ಪ, ಸಲೀಸಾಗಿ ಕೂರುತ್ತದೆ.

ಬಿಡಿ ಹೀಟ್‌ಸಿಂಕ್ ಹಾಕುವಾಗ ಮಾಮೂಲಿ ತಪ್ಪೆಂದರೆ ಥರ್ಮಲ್ ಪ್ಯಾಡಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ತೆಗೆಯದೆ ಬಿಡುವುದು. ಪ್ಯಾಡಿನ ಎರಡೂ ಮುಖಕ್ಕೆ ಅದು ಅಂಟಿರುತ್ತದೆ, ಒಂದು ಕಡೆಯದು ಬಣ್ಣದ್ದಾಗಿದ್ದರೆ ಇನ್ನೊಂದು ಪಾರದರ್ಶಕ, ಬೆಳಕಿಗೆ ಹಿಡಿಯದಿದ್ದರೆ ಕಾಣುವುದೂ ಇಲ್ಲ. ಅದು ಉಳಿದರೆ ಶಾಖ ಲೋಹಕ್ಕೆ ದಾಟದು. ಎಸ್‌ಎಸ್‌ಡಿಯ ಮೇಲಿನ ಲೇಬಲ್ ಮಾತ್ರ ಕೀಳಬೇಡಿ. ಅದರಲ್ಲಿ ಸೀರಿಯಲ್ ನಂಬರ್ ಇದೆ, ಕಿತ್ತರೆ ವಾರಂಟಿಗೆ ತಕರಾರು ಬರುತ್ತದೆ. ಪ್ಯಾಡ್ ಅದರ ಮೇಲೆಯೇ ಕೂರಲಿ. ಹೀಟ್‌ಸಿಂಕಿನ ಪಕ್ಕದ ಸ್ಕ್ರೂಗಳನ್ನು ಬಲ ಹಾಕಿ ಬಿಗಿದರೆ ಹಲಗೆ ಬಾಗುತ್ತದೆ. ಎರಡೂ ಕಡೆ ಚಿಪ್ ಇರುವ ಎಸ್‌ಎಸ್‌ಡಿಗಳೂ ಇವೆ. ಕೆಳಗಡೆ ದಪ್ಪ ಪ್ಯಾಡು, ಲೋಹದ ತಗಡು ಹಾಕುವ ಮೊದಲು ಆ 2.45 ಮಿ.ಮೀ. ಲೆಕ್ಕ ನೆನಪಿರಲಿ.

ನಕಲಿ ಮಾಲಿನ ಬಗ್ಗೆಯೂ ಎರಡು ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಿ, ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಕೊಳ್ಳಿ, ಆನ್‌ಲೈನಿನಲ್ಲಿ ತರಿಸಿ, ಜಿಎಸ್‌ಟಿ ಬಿಲ್ ಕಡ್ಡಾಯವಾಗಿ ಕೇಳಿ ಪಡೆಯಿರಿ. ಹೊರದೇಶದ ಮಾಲಿನ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಇರಬೇಕು. ಅದಿಲ್ಲದ ಡಬ್ಬಿ ಅಗ್ಗಕ್ಕೆ ಸಿಕ್ಕರೆ, ಭಾರತದಲ್ಲಿ ವಾರಂಟಿ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಸೀರಿಯಲ್ ನಂಬರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಅಸಲಿಯೋ ನಕಲಿಯೋ, ವಾರಂಟಿ ಎಷ್ಟು ಉಳಿದಿದೆ ಎಂಬುದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಎರಡು ಸಾವಿರ ರೂಪಾಯಿಗೆ 16 ಟಿಬಿ ಎನ್ನುವ ಜಾಹೀರಾತುಗಳೆಲ್ಲ ಶುದ್ಧ ಮೋಸ.

ಹಳೆಯ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಸ್‌ಎಸ್‌ಡಿಯ ಫರ್ಮ್‌ವೇರ್ (ಅದನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರ್) ನೋಡಬೇಕು. 980 ಪ್ರೊದ 2 ಟಿಬಿ ಮಾದರಿ 3ಬಿ2ಕ್ಯೂಜಿಎಕ್ಸ್‌ಎ7 ಎಂಬ ಹಳೆಯ ಫರ್ಮ್‌ವೇರ್‌ನಲ್ಲಿ ಏಕಾಏಕಿ ಓದಲು ಮಾತ್ರ ಬರುವ ಸ್ಥಿತಿಗೆ ಹೋಗಿಬಿಡುತ್ತಿತ್ತು, 5ಬಿ2ಕ್ಯೂಜಿಎಕ್ಸ್‌ಎ7 ಅದನ್ನು ಸರಿಪಡಿಸಿತು. ಪಿಎಸ್5ರಿಂದ ಎಸ್‌ಎಸ್‌ಡಿಯ ಫರ್ಮ್‌ವೇರ್ ಬದಲಿಸಲಾಗದು. ಎಂ.2 ಸ್ಲಾಟ್ ಇರುವ ಕಂಪ್ಯೂಟರಿಗೆ ಹಾಕಿ ಅಲ್ಲಿಯೇ ಅಪ್‌ಡೇಟ್ ಮುಗಿಸಿ ತರಬೇಕು.

ಈಗ ಹಾಕುವ ಕೆಲಸ. ಮೊದಲು ಕನ್ಸೋಲಿನ ಸಿಸ್ಟಂ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಕೊಳ್ಳಿ. ವರ್ಷಗಟ್ಟಲೆ ಇಂಟರ್ನೆಟ್ ಕಾಣದ ಕನ್ಸೋಲ್ 2021ರ ಸೆಪ್ಟೆಂಬರಿಗೂ ಹಿಂದಿನ ಸಾಫ್ಟ್‌ವೇರ್‌ನಲ್ಲೇ ಇದ್ದರೆ ಸ್ಲಾಟ್ ಕೆಲಸ ಮಾಡುವುದಿಲ್ಲ. ನಂತರ ಪವರ್ ಮೆನುವಿನಿಂದ 'ಟರ್ನ್ ಆಫ್ ಪಿಎಸ್5' ಕೊಟ್ಟು ಪೂರ್ತಿ ಆರಿಸಿ. ಕಿತ್ತಳೆ ಬಣ್ಣದ ದೀಪ ಉರಿಯುತ್ತಿದ್ದರೆ ಅದು ರೆಸ್ಟ್ ಮೋಡ್, ಆರಿದ್ದಲ್ಲ. ಎಲ್ಲ ವೈರ್ ಕಿತ್ತು, ಆಡಿದ ಬಿಸಿ ಇಳಿಯುವವರೆಗೆ ಕಾಯಿರಿ. ಬಳಕೆಯಲ್ಲಿದ್ದ ಕನ್ಸೋಲಿನ ಸ್ಲಾಟಿನ ಸುತ್ತಲಿನ ಲೋಹ ಕೈ ಸುಡುವಷ್ಟು ಬಿಸಿಯಿರಬಹುದು.

ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ. ಸ್ಟ್ಯಾಂಡ್ ತೆಗೆಯಿರಿ, ಮೊದಲ ಮಾದರಿಯಲ್ಲಿ ಅದರ ಸ್ಕ್ರೂ ನಾಣ್ಯದಿಂದಲೂ ಬಿಚ್ಚುತ್ತದೆ. ಪಿಎಸ್ ಲಾಂಛನವಿರುವ ಮಗ್ಗುಲು ಕೆಳಗೆ ಬರುವಂತೆ ಮಲಗಿಸಿ. ಮೇಲೆ ಕಾಣುವ ಬಿಳಿ ಕವರಿನ ಮೂಲೆಯನ್ನು ಚೂರೇ ಎತ್ತಿ, ಉದ್ದಕ್ಕೆ ಜಾರಿಸಿದರೆ ಟಪ್ಪೆಂದು ಕೊಂಡಿಗಳು ಬಿಡುತ್ತವೆ. ಜಾರಿಸದೆ ಬರೀ ಮೇಲಕ್ಕೆ ಎಳೆದರೆ ಕೊಂಡಿ ಮುರಿಯುತ್ತದೆ. ಸ್ಲಿಮ್ ಮಾದರಿಯಲ್ಲಿ ಕವರು ಮಗ್ಗುಲಿಗೆ ಎರಡರಂತೆ ನಾಲ್ಕು ತುಂಡಾಗಿದೆ, ಸ್ಲಾಟ್ ಮುಚ್ಚಿರುವ ಒಂದು ತುಂಡು ತೆಗೆದರೆ ಸಾಕು. ಕವರ್ ತೆಗೆದಾಗ ಫ್ಯಾನು ಕಾಣುತ್ತದೆ. ಬಳ್ಳಾರಿ ಕಡೆಯ ಧೂಳಿನಲ್ಲಿ ಓಡಿದ ಕನ್ಸೋಲ್ ಆದರೆ ಅಲ್ಲಿ ಬೂದುಬಣ್ಣದ ಪದರವೇ ಕೂತಿರುತ್ತದೆ. ಮೊದಲ ಮಾದರಿಯ ಚೌಕಟ್ಟಿನಲ್ಲಿ ಧೂಳು ಸೇರಲೆಂದೇ ಮಾಡಿದ ಎರಡು ತೂತುಗಳಿವೆ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗದಲ್ಲಿಟ್ಟು ಧೂಳು ಎಳೆದುಬಿಡಿ. ಅದಕ್ಕಿಂತ ಒಳಗೆ ಕೈ ಹಾಕಬೇಡಿ. ಮುಖ್ಯ ಚಿಪ್ಪಿನ ಮೇಲೆ ದ್ರವ ಲೋಹ ಹಚ್ಚಿರುತ್ತಾರೆ, ಅದು ಬೋರ್ಡಿನ ಮೇಲೆ ಚೆಲ್ಲಿದರೆ ಕನ್ಸೋಲೇ ಹೋಗುತ್ತದೆ.

ಸ್ಲಾಟಿನ ಮೇಲೆ ತೂತುಗಳಿರುವ ಉದ್ದನೆಯ ಲೋಹದ ಮುಚ್ಚಳ, ಅದಕ್ಕೆ ಒಂದೇ ಸ್ಕ್ರೂ. ಒಂದನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್ ಬೇಕು. ಮೊಬೈಲ್ ರಿಪೇರಿಯ ಸಣ್ಣದರಿಂದಲೋ ಸ್ವಿಚ್‌ಬೋರ್ಡಿನ ದೊಡ್ಡದರಿಂದಲೋ ಒತ್ತಿ ತಿರುಗಿಸಿದರೆ ಸ್ಕ್ರೂ ತಲೆ ಸವೆದು, ಕೊನೆಗೆ ಡ್ರಿಲ್ ಹಾಕುವ ಸ್ಥಿತಿ ಬರುತ್ತದೆ. ತುದಿಯಲ್ಲಿ ಅಯಸ್ಕಾಂತ ಇರುವುದಾದರೆ ಉತ್ತಮ, ಸ್ಕ್ರೂ ಫ್ಯಾನಿನೊಳಗೆ ಬೀಳುವುದಿಲ್ಲ. ಅದರಿಂದ ಎಸ್‌ಎಸ್‌ಡಿಗೆ ಹಾನಿಯೇನಿಲ್ಲ.

ಎಸ್‌ಎಸ್‌ಡಿಯನ್ನು ಹೊದಿಕೆಯಿಂದ ತೆಗೆಯುವ ಮುನ್ನ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಕನ್ಸೋಲಿನ ಬರಿಲೋಹದ ಭಾಗ ಮುಟ್ಟಿ, ಜಮಖಾನದ ಮೇಲೆ ಕೂರದೆ ಬರಿಗಾಲಲ್ಲಿ ನೆಲದ ಮೇಲೆ ನಿಂತು ಕೆಲಸ ಮಾಡಿ. ಚಳಿಗಾಲದ ಒಣಹವೆಯಲ್ಲಿ ಉತ್ತರ ಕರ್ನಾಟಕದವರು ಇದನ್ನು ಬಿಡಲೇಬಾರದು. ಚಿನ್ನದ ಕಾಂಟ್ಯಾಕ್ಟುಗಳಿಗೆ ಬೆರಳು ತಾಗಿಸದೆ ಅಂಚು ಹಿಡಿಯಿರಿ.

ಮುಚ್ಚಳದ ಕೆಳಗೆ ಸಾಲಾಗಿ 30, 42, 60, 80, 110 ಎಂಬ ಅಂಕಿಗಳ ಬಳಿ ತೂತುಗಳಿವೆ, ಎಸ್‌ಎಸ್‌ಡಿಯ ಉದ್ದದ ಮಿ.ಮೀ. ಅವು. ಕಾರ್ಖಾನೆಯಿಂದ ಬಂದಾಗ ಸ್ಕ್ರೂ ಮತ್ತು ಅದರಡಿಯ ಪುಟ್ಟ ಉಂಗುರ 110ರ ಬಳಿ ಇರುತ್ತವೆ. ಆ ಉಂಗುರವೇ ಸ್ಪೇಸರ್. ಮಾರುಕಟ್ಟೆಯ ಹೆಚ್ಚಿನ ಎಸ್‌ಎಸ್‌ಡಿಗಳು 2280, ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಸ್ಕ್ರೂ ಬಿಚ್ಚಿ, ಸ್ಪೇಸರನ್ನು 80ರ ಗುಳಿಗೆ ಸಾಗಿಸಿ. ಅದನ್ನು 110ರಲ್ಲೇ ಬಿಟ್ಟು 80ರಲ್ಲಿ ಸ್ಕ್ರೂ ಬಿಗಿದರೆ ಹಲಗೆಯ ತುದಿಗೆ ಆಧಾರವಿಲ್ಲದೆ ಕೆಳಕ್ಕೆ ಬಾಗುತ್ತದೆ. ಅವತ್ತು ಕೆಲಸ ಮಾಡಿದರೂ ಮುಂದೆ ಬೆಸುಗೆ ಬಿಟ್ಟು ಎಸ್‌ಎಸ್‌ಡಿ ಕನ್ಸೋಲಿಗೆ ಕಾಣದೆ ಹೋಗಬಹುದು.

ಎಸ್‌ಎಸ್‌ಡಿಯ ಕಚ್ಚು ಸ್ಲಾಟಿನೊಳಗಿನ ಉಬ್ಬಿಗೆ ಹೊಂದುವಂತೆ ಹಿಡಿದು, ಸ್ವಲ್ಪ ಓರೆಯಾಗಿ ಒಳಕ್ಕೆ ತಳ್ಳಿ. ಸರಿಯಾಗಿ ಕೂತಾಗ ಚಿನ್ನದ ಬಣ್ಣ ಹೆಚ್ಚುಕಡಿಮೆ ಮರೆಯಾಗುತ್ತದೆ, ಕೈ ಬಿಟ್ಟರೆ ತುದಿ ತಾನಾಗಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಅದನ್ನು ಮೆಲ್ಲಗೆ ಕೆಳಗೊತ್ತಿ ಸ್ಪೇಸರಿನ ಮೇಲೆ ಕೂರಿಸಿ ಸ್ಕ್ರೂ ಹಾಕಿ. ಅಲ್ಲಾಡದಷ್ಟು ಬಿಗಿ ಸಾಕು. ಲೋಹದ ಮುಚ್ಚಳವನ್ನು ಮತ್ತೆ ಹಾಕಿ. ಗಾಳಿಯಾಡಲಿ ಎಂದು ಅದನ್ನು ಹಾಕದೆ ಬಿಡುವವರಿದ್ದಾರೆ. ಕನ್ಸೋಲಿನ ಗಾಳಿಯ ಹರಿವು ಮುಚ್ಚಳ ಇದ್ದೇ ಲೆಕ್ಕ ಹಾಕಿದ್ದು, ಸೋನಿಯ ಸೂಚನೆಯೂ ಹಾಗೇ ಇದೆ.

ವೈರ್ ಚುಚ್ಚಿ ಆನ್ ಮಾಡಿದರೆ ಎಸ್‌ಎಸ್‌ಡಿ ಫಾರ್ಮ್ಯಾಟ್ ಮಾಡುವ ಪರದೆ ತಾನೇ ಬರುತ್ತದೆ. ಅದರಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಯುತ್ತದೆ. ಕೆಲವೇ ಕ್ಷಣಗಳಲ್ಲಿ ಮುಗಿದು ಓದುವ ವೇಗ ತೋರಿಸುತ್ತದೆ. ಆ ಅಂಕಿ ಡಬ್ಬಿಯ ಮೇಲಿನದಕ್ಕಿಂತ ಸ್ವಲ್ಪ ಕಡಿಮೆ ಬರುವುದು ಸಹಜ, ಅದನ್ನು ಏರಿಸಲು ಮತ್ತೆಮತ್ತೆ ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ. ಪರದೆಯೇ ಬರದಿದ್ದರೆ ಬಹುಪಾಲು ಎಸ್‌ಎಸ್‌ಡಿ ಪೂರ್ತಿ ಒಳಗೆ ಹೋಗಿಲ್ಲ ಎಂದರ್ಥ. ಆರಿಸಿ, ವೈರ್ ಕಿತ್ತು, ಇನ್ನೊಮ್ಮೆ ಕೂರಿಸಿ. 'ಈ ಎಸ್‌ಎಸ್‌ಡಿ ಬಳಸಲಾಗದು' ಎಂಬ ಅರ್ಥದ ಸಂದೇಶ ಬಂದರೆ ಅದು ಜೆನ್ 3 ಅಥವಾ ಸಾಟಾ ಆಗಿರುವ ಸಂಭವ ಹೆಚ್ಚು.

ಇಷ್ಟಕ್ಕೇ ಕೆಲಸ ಮುಗಿಯದು. ಹೊಸ ಆಟ ಎಲ್ಲಿ ಇಳಿಯಬೇಕೆಂದು ಹೇಳದಿದ್ದರೆ ಅದು ಹಳೆಯ ಜಾಗಕ್ಕೇ ಹೋಗಿ, ಜಾಗವಿಲ್ಲ ಎಂಬ ಅದೇ ಸಂದೇಶ ಬರುತ್ತದೆ. 'ಸೆಟ್ಟಿಂಗ್ಸ್'ನ 'ಸ್ಟೋರೇಜ್'ನಲ್ಲಿ 'ಇನ್‌ಸ್ಟಲೇಶನ್ ಲೊಕೇಶನ್' ತೆರೆದು ಎಂ.2 ಎಸ್‌ಎಸ್‌ಡಿ ಆರಿಸಿ. ಹಳೆಯ ಆಟಗಳನ್ನು ಅದೇ 'ಸ್ಟೋರೇಜ್'ನ 'ಕನ್ಸೋಲ್ ಸ್ಟೋರೇಜ್' ಪಟ್ಟಿಯಿಂದ ಗುರುತು ಹಾಕಿ ಸಾಗಿಸಬಹುದು, ಒಂದು ದೊಡ್ಡ ಆಟಕ್ಕೆ ಕೆಲವು ನಿಮಿಷ. ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೇವೆ ಎಂಬ ಸೇವ್ ಫೈಲು ಕನ್ಸೋಲಿನ ಮೂಲ ಎಸ್‌ಎಸ್‌ಡಿಯಲ್ಲೇ ಉಳಿಯುತ್ತದೆ. ಹಾಗಾಗಿ ಎಂ.2 ಕೆಟ್ಟರೂ ಆಟ ಮತ್ತೆ ಇಳಿಸಿಕೊಂಡರೆ ಸಾಕು, ಮಗುವಿನ ತಿಂಗಳುಗಟ್ಟಲೆಯ ಆಟ ಹಾಳಾಗದು. ಪಿಎಸ್5 ಆಟದ ಸೇವ್ ಫೈಲನ್ನು ಮಾತ್ರ ಬೇರೆಯಾಗಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಲು ಬರುವುದಿಲ್ಲ. ಪಿಎಸ್ ಪ್ಲಸ್ ಚಂದಾ ಇದ್ದರೆ ಕ್ಲೌಡ್‌ಗೆ, ಇಲ್ಲದಿದ್ದರೆ ಯುಎಸ್‌ಬಿ ಡಿಸ್ಕಿಗೆ ಕನ್ಸೋಲಿನ ಪೂರ್ಣ ಬ್ಯಾಕಪ್ ತೆಗೆಯಬೇಕು.

ನಮ್ಮಲ್ಲಿ ದೊಡ್ಡ ಶತ್ರು ಕರೆಂಟು. ಆಟ ಸಾಗಿಸುವಾಗ ಅಥವಾ ಫಾರ್ಮ್ಯಾಟ್ ನಡೆಯುವಾಗ ಕರೆಂಟ್ ಹೋದರೆ ಎಸ್‌ಎಸ್‌ಡಿಯ ಲೆಕ್ಕಪತ್ರ, ಅಂದರೆ ಯಾವ ಆಟ ಎಲ್ಲಿದೆ ಎಂಬ ಪಟ್ಟಿ, ಅಸ್ತವ್ಯಸ್ತವಾಗಬಹುದು. ಮೊದಲ ಪಿಎಸ್5ರ ಗರಿಷ್ಠ ಬಳಕೆ 350 ವ್ಯಾಟ್ ಎಂದು ನಮೂದಾಗಿದೆ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್, ಜೊತೆಗೆ ಟಿವಿ ಸೇರಿದರೆ ಸಾಲದು. 1,000 ಅಥವಾ 1,100 ವಿಎ ಇರಲಿ. ಅದಿಲ್ಲದವರು ಲೋಡ್ ಶೆಡ್ಡಿಂಗ್ ವೇಳೆ ತಪ್ಪಿಸಿ ಈ ಕೆಲಸಕ್ಕೆ ಕೂರಬೇಕು. ಹಾಗೂ ಕರೆಂಟ್ ಹೋಗಿ ಆಟಗಳು ಕಾಣೆಯಾದರೆ ಗಾಬರಿಯಾಗಿ ಫಾರ್ಮ್ಯಾಟ್ ಒತ್ತಬೇಡಿ. ಕನ್ಸೋಲ್ ಪೂರ್ತಿ ಆರಿಸಿ, ಪವರ್ ಬಟನ್ ಒತ್ತಿ ಹಿಡಿಯಿರಿ. ಮೊದಲು ಒಂದು ಬೀಪ್, ಸುಮಾರು ಏಳು ಸೆಕೆಂಡಿಗೆ ಎರಡನೆಯದು ಕೇಳಿದ ಮೇಲೆ ಬಿಡಿ. ಸೇಫ್ ಮೋಡ್ ತೆರೆಯುತ್ತದೆ. ಕಂಟ್ರೋಲರನ್ನು ಯುಎಸ್‌ಬಿ ವೈರಿನಿಂದಲೇ ಜೋಡಿಸಬೇಕು. ಐದನೇ ಆಯ್ಕೆಯಲ್ಲಿ 'ರೀಬಿಲ್ಡ್ ಡೇಟಾಬೇಸ್' ಇದೆ. ಎಷ್ಟೋ ಸಲ ಅಷ್ಟರಿಂದಲೇ ಎಲ್ಲ ವಾಪಸ್ ಕಾಣುತ್ತದೆ.

ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್ ಇರುವವರು ಇದನ್ನೆಲ್ಲ ಓದಿ ಎಂ.2 ಎಸ್‌ಎಸ್‌ಡಿ ತರಬೇಡಿ. ಅವುಗಳಿಗೆ ಹಿಂಬದಿಯಲ್ಲಿ ಸಿಕ್ಕಿಸುವ, ಸೀಗೇಟ್ ಮತ್ತು ಡಬ್ಲ್ಯೂಡಿ ಮಾಡುವ ಪ್ರತ್ಯೇಕ ಕಾರ್ಡ್ ಬೇಕು.

ರಾಜ್ಯದ ಕಂಪ್ಯೂಟರ್ ಅಂಗಡಿಯವರಲ್ಲಿ ನನ್ನ ವಿನಂತಿ ಒಂದೇ. ಎಸ್‌ಎಸ್‌ಡಿ ಇಟ್ಟಿರುವ ಕಪಾಟಿನ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ: ಜೆನ್ 3 ಯಾವುದು, ಜೆನ್ 4 ಯಾವುದು, ಹೀಟ್‌ಸಿಂಕ್ ಸೇರಿ ದಪ್ಪ ಎಷ್ಟು. ಡಬ್ಬಿ ಒಡೆದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ನಿಯಮ ಇಟ್ಟುಕೊಂಡವರಿಗೆ ಈ ಮೂರು ಸಾಲು ಮೊದಲೇ ಹೇಳುವ ಹೊಣೆಯೂ ಇದೆ. ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲೂ ಹೊಸ ಫೋನುಗಳ ವರ್ಣನೆಯ ಜೊತೆಗೆ, ಮನೆಯಲ್ಲಿರುವ ಯಂತ್ರವನ್ನು ಇನ್ನೂ ನಾಲ್ಕು ವರ್ಷ ಬಳಸುವ ಇಂಥ ವಿವರಗಳಿಗೆ ಜಾಗ ಸಿಗಲಿ.

ಕನ್ಸೋಲ್ ಮಾರುವವರಿಗೆ ಒಂದು ಮಾತು ಬಾಕಿಯಿದೆ. ಎಸ್‌ಎಸ್‌ಡಿ ಸಮೇತ ಮಾರುವುದಕ್ಕಿಂತ ಬಿಚ್ಚಿ ಇಟ್ಟುಕೊಳ್ಳುವುದು ಲಾಭ. ಇನ್ನೊಂದು ಪಿಎಸ್5ಗೆ ಹಾಕಿದರೆ ಅದು ಮತ್ತೆ ಫಾರ್ಮ್ಯಾಟ್ ಕೇಳುತ್ತದೆ, ಒಳಗಿದ್ದ ಆಟಗಳು ಉಳಿಯುವುದಿಲ್ಲ, ಎಸ್‌ಎಸ್‌ಡಿ ಮಾತ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಂಪ್ಯೂಟರಿಗೂ ಆಗುತ್ತದೆ. ಬಿಚ್ಚಿದ ಮೇಲೆ ಆ ಸ್ಪೇಸರ್ ಮತ್ತು ಸ್ಕ್ರೂ ಎರಡನ್ನೂ ಸ್ಲಾಟಿನಲ್ಲೇ ಮತ್ತೆ ಹಾಕಿ ಕೊಡಿ. ಅವಿಲ್ಲದೆ ಕೊಂಡವರು ಅದಕ್ಕಾಗಿ ಅಂಗಡಿ ಅಂಗಡಿ ಅಲೆಯಬೇಕಾಗುತ್ತದೆ.

ವಂದನೆಗಳೊಂದಿಗೆ,
ಗೇಮ್ ಕನ್ಸೋಲ್ ರಿಪೇರಿ ಕೆಲಸದಲ್ಲಿರುವ ಓದುಗ,
ದಾವಣಗೆರೆ